ಐಸಿನಲ್ಲಿಟ್ಟ ಗಂಟು

ಕರೆಂಟು ಕುಡಿಯುವ ಹಳೆಯ ಅಮೆರಿಕನ್ ಫ್ರಿಡ್ಜ್ ಕೊಟ್ಟವರಿಗೆ ಕಡಿಮೆ ಕರೆಂಟಿನ ಹೊಸ ಚೀನಾ ಫ್ರಿಡ್ಜ್ ಎಂದು ಸರ್ಕಾರ ಸಾರಿತ್ತು. ಸಿಯೆನ್‌ಫ್ಯೂಗೋಸ್ ಪಟ್ಟಣದ ಆ ಬೀದಿಯಲ್ಲಿ ಎಲ್ಲರೂ ಬದಲಾಯಿಸಿಕೊಂಡರು. ಮುದುಕಿ ಎದೆಲ್ಮಿರಾ ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

"ಹಳೇ ಫ್ರಿಡ್ಜ್ ಒಯ್ಯೋ ಲಾರಿ ಇವತ್ತೇ ಕೊನೆ ಸಲ ಬರೋದು, ಎದೆಲ್ಮಿರಕ್ಕಾ," ಎಂದಳು ಬೀದಿ ಸಮಿತಿಯ ಸೊರಾಯ್ದಾ. "ಸತ್ತ ಗಂಡನಿಗಿಂತ ಈ ಡಬ್ಬದ ಮೇಲೇ ನಿಮ್ಗೆ ಪ್ರೀತಿ ಜಾಸ್ತಿ!"

"ಅವನು ಇಷ್ಟು ತಣ್ಣಗೆ ಯಾವತ್ತಿದ್ದ ಹೇಳು?"

ಸೊರಾಯ್ದಾ ನಗುತ್ತಲೇ ಪ್ಲಗ್ ಕಿತ್ತಳು. "ಖಾಲಿ ಮಾಡಿಡಿ, ಆಯ್ತಾ?" ಎಂದು ಹೊರಟೇಬಿಟ್ಟಳು.

ಎದೆಲ್ಮಿರಾಳ ಜೀವ ಬಾಯಿಗೆ ಬಂತು. ಮೇಲಿನ ಖಾನೆಯ ಐಸುಗಡ್ಡೆಯೊಳಗೆ ತಂಗಿ ನಿಕೊಲಾಸಾಳ ಕರವಸ್ತ್ರವಿತ್ತು. ಯಾರದಾದರೂ ಬಾಯಿ ಮುಚ್ಚಿಸಬೇಕಾದರೆ ಅವರ ವಸ್ತುವಿಗೆ ಗಂಟು ಹಾಕಿ ಐಸಿನಲ್ಲಿಡುವುದು ಅಲ್ಲಿಯ ಹೆಂಗಸರ ಪದ್ಧತಿ. ತನ್ನ ಗಂಡನ ಗುಟ್ಟನ್ನು ತಂಗಿ ಬೀದಿಗೆ ಹಾಕಿದಳೆಂಬ ಸಿಟ್ಟಿಗೆ ವರ್ಷಗಳ ಹಿಂದೆ ಎದೆಲ್ಮಿರಾ ಅದನ್ನು ಇಟ್ಟಿದ್ದಳು. ಆ ಮಳೆಗಾಲದಲ್ಲೇ ನಿಕೊಲಾಸಾಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ನಿಂತಿತು. ಅಂದಿನಿಂದ ಅಕ್ಕನೇ ತುತ್ತಿಡುತ್ತಿದ್ದಳು.

ಐಸು ಕರಗಿಸಿಬಿಡಬಾರದಿತ್ತೆ? ಕರಗಿಸಿಯೂ ಮಾತು ಬರದಿದ್ದರೆ ಏನು ಗತಿ? ಗಡ್ಡೆ ಇರುವವರೆಗೆ, ಅದು ಕರಗಿದ ದಿನ ತಂಗಿ ಮಾತಾಡಿಯಾಳು ಎಂಬ ಆಸೆಯಾದರೂ ಇತ್ತು. ಕರೆಂಟು ಹೋದಾಗಲೆಲ್ಲ ಫ್ರಿಡ್ಜಿಗೆ ಕಂಬಳಿ ಹೊದಿಸಿ ಆ ಆಸೆಯನ್ನು ಕಾಪಾಡಿಕೊಂಡು ಬಂದಿದ್ದಳು.

ಪ್ಲಗ್ ಹಾಕಲು ಬಗ್ಗಿದಳು. ಕುರ್ಚಿಯಲ್ಲಿ ಕೂತಿದ್ದ ನಿಕೊಲಾಸಾ ಊರುಗೋಲು ಚಾಚಿ ವೈರನ್ನು ನೆಲಕ್ಕೆ ಒತ್ತಿ ಹಿಡಿದಳು. ಎಷ್ಟು ಎಳೆದರೂ ಬಿಡಲಿಲ್ಲ.

ಮಧ್ಯಾಹ್ನದ ಸೆಕೆಗೆ ಗಡ್ಡೆ ಕರಗಿ ಗಂಟು ಹೊರಬಂತು. ಎದೆಲ್ಮಿರಾ ಅದನ್ನು ತಂಗಿಯ ಮಡಿಲಲ್ಲಿಟ್ಟು ಅವಳ ಕಾಲ ಬಳಿ ಕೂತಳು.

"ನಾನೇ ಕಣೇ ಇಟ್ಟಿದ್ದು. ಏನಾದ್ರೂ ಅನ್ನೇ. ಬೈಯಾದ್ರೂ ಬೈಯೇ, ನಿಕಾ."

ನಿಕೊಲಾಸಾಳ ಬಾಯಿ ತೆರೆಯಿತು. ಮಾತು ಬರಲಿಲ್ಲ. ಎದೆಲ್ಮಿರಾ ಗೋಳೋ ಎಂದು ಅತ್ತಳು.

ತಂಗಿ ಎಡಗೈಯಲ್ಲಿ ಕರವಸ್ತ್ರ ಎತ್ತಿಕೊಂಡು ಹಲ್ಲಿನಿಂದ ನಿಧಾನವಾಗಿ ಗಂಟು ಬಿಚ್ಚಿದಳು. ಆ ಒದ್ದೆ ಬಟ್ಟೆಯಿಂದಲೇ ಅಕ್ಕನ ಮುಖ ಒರೆಸಿದಳು. ಅವಳ ಕಣ್ಣಲ್ಲಿ ಆಶ್ಚರ್ಯದ ಸುಳಿವೂ ಇರಲಿಲ್ಲ. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ವರ್ಷ ಅಕ್ಕನ ಕೈತುತ್ತು ಉಂಡಿದ್ದಳು.