ಸೊಸೆ ಕಲಿತ ಭಿನ್ನರಾಶಿ

ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದವಳಿಗೆ ಸಹಾಯಕ ನರ್ಸ್ ಆಗುವ ಆಸೆ ಹುಟ್ಟಿದಾಗ ನಲವತ್ತು ಹತ್ತಿರವಾಗಿತ್ತು. ತರಬೇತಿಗೆ ಸೇರಲು ಪರೀಕ್ಷೆ ಬರೆಯಬೇಕು, ಅದರಲ್ಲಿ ಅರ್ಧಕ್ಕರ್ಧ ಲೆಕ್ಕ. ಲೆಕ್ಕವೆಂದರೆ ಅವಳಿಗೆ ಮೊದಲಿಂದಲೂ ಆಗದು. ಐದನೇ ತರಗತಿಯಲ್ಲಿ ಭಿನ್ನರಾಶಿ ಶುರುವಾದ ದಿನವೇ ಅದರ ಸಹವಾಸ ಬಿಟ್ಟಿದ್ದಳು.

ಮನೆಯಲ್ಲೇ ಲೆಕ್ಕದ ಟೀಚರ್ ಇದ್ದರು, ಅತ್ತೆ. ಕೆಲಸದಿಂದ ನಿವೃತ್ತರಾಗಿದ್ದರೂ ದನಿ ನಿವೃತ್ತವಾಗಿರಲಿಲ್ಲ. ಹುಲಿಯ ಬಾಯಿಗೆ ತಾನಾಗಿ ಕೈ ಹಾಕುವುದೇಕೆಂದು ಸೊಸೆ ಪಕ್ಕದ ಮನೆಯಿಂದ ಹಳೇ ಪಠ್ಯಪುಸ್ತಕ ತಂದು, ಮಹಡಿ ಮೆಟ್ಟಿಲ ಮೇಲೆ ಕೂತು ಒಬ್ಬಳೇ ಶುರುಮಾಡಿದಳು.

ಒಣಗಿದ ಬಟ್ಟೆ ತರಲು ಹೊರಟ ಅತ್ತೆ ಅವಳ ಹಿಂದೆ ನಿಂತರು. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿದರೆ ಐದನೇ ಎರಡು ಎಂದು ಬರೆದಿದ್ದಳು.

"ತಪ್ಪು."

"ಮೇಲಿಂದು ಮೇಲೆ, ಕೆಳಗಿಂದು ಕೆಳಗೆ ಕೂಡಿದೀನಲ್ಲ ಅತ್ತೆ?"

"ಐದರಲ್ಲಿ ಎರಡು ಅಂದ್ರೆ ಅರ್ಧಕ್ಕಿಂತ ಜಾಸ್ತೀನೋ ಕಮ್ಮೀನೋ?"

ಸೊಸೆ ಬೆರಳು ಮಡಿಸಿ ನೋಡಿದಳು. "ಕಮ್ಮಿ."

"ಅರ್ಧ ಲೋಟ ನೀರಿಗೆ ಇನ್ನೊಂದಿಷ್ಟು ಸುರಿದರೆ ಅರ್ಧಕ್ಕಿಂತ ಕಮ್ಮಿ ಆಗುತ್ತೇನೇ?"

ಸೊಸೆಗೆ ನಗು ತಡೆಯಲಾಗಲಿಲ್ಲ. ಅತ್ತೆ ಬಟ್ಟೆ ಮರೆತು ಅಲ್ಲೇ ಕೂತರು. ಕಾಗದದ ಪಟ್ಟಿಯನ್ನು ಆರು ತುಂಡು ಮಾಡಿದರು. ಅರ್ಧಕ್ಕೆ ಮೂರು, ಮೂರನೇ ಒಂದಕ್ಕೆ ಎರಡು. ಆರರಲ್ಲಿ ಐದು.

ಅಂದಿನಿಂದ ಸಂಜೆ ಹೊತ್ತು ಅಡುಗೆಮನೆಯಲ್ಲಿ ಪಾಠ. ದಶಮಾಂಶ ಬರುವವರೆಗೆ ಎಲ್ಲ ಸುಸೂತ್ರ. ಸೊನ್ನೆ ಬಿಂದು ಐದಕ್ಕಿಂತ ಸೊನ್ನೆ ಬಿಂದು ಇಪ್ಪತ್ತೈದೇ ದೊಡ್ಡದೆಂದು ಸೊಸೆ ಮತ್ತೆ ಮತ್ತೆ ಹೇಳಿದಾಗ ಅತ್ತೆಯ ತಾಳ್ಮೆ ಕೆಟ್ಟಿತು.

"ತಲೇಲಿ ಏನು ತುಂಬ್ಕೊಂಡಿದೀಯ, ಮಣ್ಣಾ?"

ಸೊಸೆ ಪುಸ್ತಕ ಮುಚ್ಚಿದಳು. "ಇದೇ ಮಾತು ಕೇಳಿ ಕೇಳಿ ನಾನು ಸ್ಕೂಲಲ್ಲಿ ಹಿಂದಿನ ಬೆಂಚಿಗೆ ಹೋಗಿದ್ದು. ಅಲ್ಲಿಂದ ಬೋರ್ಡೇ ಕಾಣ್ತಿರಲಿಲ್ಲ."

ಮುಂದೆ ಕೆಲವು ದಿನ ಪಾಠವೂ ಇಲ್ಲ, ಮಾತೂ ಇಲ್ಲ. ಇಬ್ಬರ ನಡುವೆ ಕೂತ ಗಂಡ ಉಸಿರೆತ್ತದೆ ಉಂಡೇಳುತ್ತಿದ್ದ.

ಒಂದು ಸಂಜೆ ಅವಳು ಪಾತ್ರೆ ತೊಳೆಯುತ್ತಿದ್ದಾಗ ಅತ್ತೆ ಬಂದು, ತೊಳೆದದ್ದನ್ನು ಒರೆಸಿಡತೊಡಗಿದರು.

"ನನ್ನ ಕ್ಲಾಸಲ್ಲೂ ಹಿಂದಿನ ಬೆಂಚಿತ್ತು. ಅಲ್ಲಿ ಕೂತವರ ಮುಖಾನೇ ನೆನಪಾಗ್ತಿಲ್ಲ ನನಗೆ," ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಈ ಸಲ ನೀನು ಹೇಳಮ್ಮ, ನಾನು ಕೇಳ್ತೀನಿ. ಇಪ್ಪತ್ತೈದು ಯಾಕೆ ದೊಡ್ಡದು ಅನ್ಸುತ್ತೆ?"

"ಐದಕ್ಕಿಂತ ಇಪ್ಪತ್ತೈದು ದೊಡ್ಡದಲ್ವಾ?"

ಗಂಟು ಎಲ್ಲಿದೆಯೆಂದು ಅತ್ತೆಗೆ ಹೊಳೆಯಿತು. ನೂರು ಚೌಕಗಳ ಒಂದು ಹಾಳೆ ಗೀಚಿದರು. ಹತ್ತರಲ್ಲಿ ಐದು ಪಾಲೆಂದರೆ ಐವತ್ತು ಚೌಕ. ನೂರರಲ್ಲಿ ಇಪ್ಪತ್ತೈದು ಪಾಲೆಂದರೆ ಬರೀ ಇಪ್ಪತ್ತೈದು ಚೌಕ.

"ಅಯ್ಯೋ, ಇಷ್ಟೇನಾ!"

"ಇಷ್ಟೇ. ನಾನೇ ಇದನ್ನ ಮೊದಲು ತೋರಿಸ್ಬೇಕಿತ್ತು."

ಪರೀಕ್ಷೆಯಲ್ಲಿ ಶೇಕಡಾವಾರು ಲೆಕ್ಕ ಕೈಕೊಟ್ಟಿತು, ಉಳಿದದ್ದು ಕೈಹಿಡಿಯಿತು. ಆಯ್ಕೆಯಾದವರಲ್ಲಿ ಅವಳ ಹೆಸರು ಕೊನೆಯದು. ಕೊನೆಯದಾದರೇನು, ತರಬೇತಿ ಎಲ್ಲರಿಗೂ ಒಂದೇ.

"ಬೆಳಿಗ್ಗೆ ಕ್ಲಾಸಂತೆ. ಹಾಗಾದ್ರೆ ಅಡುಗೆ?" ಎಂದು ಗಂಡ ತಲೆ ಕೆರೆದುಕೊಂಡ.

"ನೀನಿದೀಯಲ್ಲಪ್ಪ," ಎಂದರು ಅವನ ತಾಯಿ. "ಕುಕ್ಕರ್ ಎಷ್ಟು ಸಲ ಕೂಗ್ತು ಅಂತ ಎಣಿಸೋಕೆ ಟ್ಯೂಷನ್ ಏನೂ ಬೇಡ."