ರುಚಿಗೊಂದು ಚಕ್ಕೋತ

ವಿಮಾನ ನಿಲ್ದಾಣ ಶುರುವಾಗುವ ಹಿಂದಿನ ವರ್ಷ ದೇವನಹಳ್ಳಿಯ ರೈತರ ಸಭೆಗೆ ಕಂಪ್ಯೂಟರ್ ತಜ್ಞರೊಬ್ಬರು ಬಂದಿದ್ದರು. ಇನ್ನು ಹತ್ತು ವರ್ಷಕ್ಕೆ ಹಣ್ಣು ತರಕಾರಿಯೆಲ್ಲ ಇಂಟರ್‌ನೆಟ್ಟಿನಲ್ಲೇ ಮಾರಾಟವಾಗುತ್ತದೆ, ರಸ್ತೆ ಬದಿಯ ವ್ಯಾಪಾರ ನಿಂತೇ ಹೋಗುತ್ತದೆ ಎಂದರು. ರಸ್ತೆ ಬದಿಯಲ್ಲಿ ಚಕ್ಕೋತ ಮಾರಿಕೊಂಡೇ ಬದುಕಿದ್ದವಳು ನಾನು. ಎದ್ದು ನಿಂತೆ.

"ಸ್ವಾಮಿ, ನಾವು ಒಂದು ಹಣ್ಣು ಸುಲಿದು, ತೊಳೆ ತಿನ್ನೋಕೆ ಕೊಟ್ಟು, ಆಮೇಲೆ ಮಾರೋದು. ಇಂಟರ್‌ನೆಟ್ಟಲ್ಲಿ ತೊಳೇನ ಯಾರ ಕೈಗೆ ಕೊಡಾನ?"

"ಅಜ್ಜೀ, ಮೊದ್ಲು ಸಾಹೇಬ್ರಿಗೇ ತಿನ್ಸು!" ಎಂದ ಪಕ್ಕದ ಮನೆ ಗೋವಿಂದರಾಜು. ಸಭೆಯೆಲ್ಲ ನಕ್ಕಿತು.

ಚೀಲದಲ್ಲಿ ಹಣ್ಣಿತ್ತು. ಸುಲಿದು ಕೊಟ್ಟೆ. ಅವರು ನಿಧಾನವಾಗಿ ತಿಂದರು.

"ಇದನ್ನ ನಾನು ಯೋಚನೇನೇ ಮಾಡಿರಲಿಲ್ಲಮ್ಮ. ನೀವೇ ಹೇಳಿ, ಏನು ಮಾಡೋದು?"

ನಾನು ಸಿಪ್ಪೆಯನ್ನು ಚೀಲಕ್ಕೆ ಹಾಕಿಕೊಂಡು ಹೇಳಿದೆ. "ಗಿರಾಕಿ ಕೇಳಿದ ಹಣ್ಣು ಕಳಿಸೋವಾಗ ಅದೇ ಮರದ ಪುಟ್ಟ ಹಣ್ಣೊಂದನ್ನ ರುಚಿಗೆ ಅಂತ ಜೊತೇಲಿ ಕಳಿಸ್ತೀನಿ. ಮೊದ್ಲು ಅದನ್ನ ತಿನ್ಲಿ. ಹಿಡಿಸದಿದ್ರೆ ಮಿಕ್ಕಿದ್ದನ್ನ ವಾಪಸ್ ಕಳಿಸ್ಲಿ."

"ಹಾಗಾದ್ರೆ ಮೊದಲನೇ ಗಿರಾಕಿ ನಾನೇ. ಯಾರಾದ್ರೂ ನನ್ನ ವಿಳಾಸ ಬರ್ಕೊಳ್ಳಿ," ಎಂದರು.

"ಯಾರಾದ್ರೂ ಯಾಕೆ? ಪೆನ್ನು ಕೊಡಿ," ಎಂದು ನಾನೇ ಬರೆದುಕೊಂಡೆ.