ಕಂಕುಳಿನ ಬಿಸಿ

ನನ್ನ ಕನಸಿನಲ್ಲಿ ಜನ ಬರುವುದಿಲ್ಲ, ಕೋಡ್‌ಗಳು ಬರುತ್ತವೆ. ಹನ್ನೊಂದು ವರ್ಷದಿಂದ ಆಸ್ಪತ್ರೆಯ ಬಿಲ್ ವಿಭಾಗದಲ್ಲಿ ಕೂತು ರಕ್ತಪರೀಕ್ಷೆಗಳಿಗೆ ಐದಂಕಿಯ ಕೋಡ್ ಹಾಕುವವಳು ಇನ್ನೇನು ಕಂಡಾಳು! ಒಂದೇ ಕೋಡ್ ಮೂರನೇ ಸಲ ಬಂದರೆ ವಿಮೆಯವರು ಒಪ್ಪುವುದಿಲ್ಲ. ನಾನೂ ಹಿಂದೆಮುಂದೆ ನೋಡದೆ ‘ಅನಗತ್ಯ’ ಎಂದು ಬರೆದು ವಾಪಸ್ ಕಳಿಸಿ, ನಕಲನ್ನು ಕಡತಕ್ಕೆ ಸೇರಿಸುತ್ತಿದ್ದೆ.

ಒಂದು ದಿನ ಹಾಗೆ ಮೂರನೇ ಸಲ ಕೈಗೆ ಬಂದದ್ದು ನನ್ನ ಅಕ್ಕನ ಪರೀಕ್ಷೆಯ ಕಾಗದ.

ಚಳಿ ತಗುಲಿದರೆ ಅಕ್ಕನ ಬೆರಳುಗಳು ನೀಲಿಗಟ್ಟುತ್ತಿದ್ದವು. ತಂಪಿಗೆ ಗಟ್ಟಿಯಾಗುವ ಪ್ರೋಟೀನ್ ರಕ್ತದಲ್ಲಿದೆಯೆಂದು ಡಾಕ್ಟರಿಗೆ ಅನುಮಾನ. ವರದಿ ಮಾತ್ರ ಎರಡು ಸಲವೂ ‘ಇಲ್ಲ’ ಎಂದಿತ್ತು. ವರದಿಯಿಲ್ಲದೆ ಔಷಧಿಯಿಲ್ಲ, ಔಷಧಿಯಿಲ್ಲದೆ ಬೆರಳು ಉಳಿಯುವುದಿಲ್ಲ.

ಲ್ಯಾಬಿನ ಹಿರಿಯರ ಹತ್ತಿರ ಓಡಿದೆ. ಅವರನ್ನು ನಾವೆಲ್ಲ ಮೇಷ್ಟ್ರು ಅನ್ನುತ್ತೇವೆ.

“ರಕ್ತ ಮೈಬಿಸಿಯಲ್ಲೇ ನನ್ನ ಕೈ ಸೇರ್ಬೇಕಮ್ಮ. ದಾರೀಲಿ ತಣ್ಣಗಾದ್ರೆ ಆ ಪ್ರೋಟೀನ್ ಹೆಪ್ಪಲ್ಲೇ ಸಿಕ್ಕಿಹಾಕ್ಕೊಳ್ಳುತ್ತೆ, ನನಗೆ ಕಾಣೋದೇ ಇಲ್ಲ. ನಿಮ್ಮಕ್ಕನ ಶೀಷೆ ಎರಡು ಸಲಾನೂ ಕೊರೀತಿತ್ತು.”

“ಅಯ್ಯೋ, ಹೇಳ್ಬಾರ್ದಿತ್ತಾ?”

“ವರದಿ ಕೆಳಗೇ ಬರ್ದಿದ್ದೆನಲ್ಲ! ಕೋಡ್ ನೋಡೋರು ಷರಾ ಎಲ್ಲಿ ಓದ್ತೀರಿ? ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು.”

ತೆಪ್ಪಗೆ ಬಂದು ಮೂರನೇ ಪರೀಕ್ಷೆಗೆ ಕಾರಣ ಬರೆದು ಕಳಿಸಿದೆ: ರಕ್ತ ತಣ್ಣಗಾಗಿತ್ತು. ಒಪ್ಪಿಗೆ ಬಂತು. ಅಕ್ಕನ ರಕ್ತ ತೆಗೆದೊಡನೆ ಶೀಷೆಯನ್ನು ಕಂಕುಳಲ್ಲಿ ಅವುಚಿಕೊಂಡು ನಾನೇ ಹೊರಟೆ.

ಲ್ಯಾಬಿಗೆ ಹೋಗುವ ನೆಲಮಾಳಿಗೆಯ ಓಣಿ ಅಂದು ಮುಗಿಯಲೇ ಇಲ್ಲ. ದೀಪಗಳು ನೀರಿನಡಿಯಲ್ಲಿದ್ದಂತೆ ಅಲುಗಿದವು, ನನ್ನ ಹೆಜ್ಜೆಯ ಸದ್ದು ನನಗೇ ಕೇಳಲಿಲ್ಲ. ಬಾಗಿಲುಗಳ ಮೇಲಿನ ಅಂಕಿಗಳು ಒಂದೊಂದಾಗಿ ಕಳಚಿ ತೇಲಿಹೋದವು. ಕಂಕುಳಲ್ಲಿ ಅಕ್ಕ ಬೆಚ್ಚಗಿದ್ದಳು. ನಾನು ಚಿಕ್ಕವಳಿದ್ದಾಗ ಅವಳು ನನ್ನನ್ನು ಹೀಗೇ ಎತ್ತಿಕೊಂಡು ಓಡಾಡುತ್ತಿದ್ದಳಂತೆ. “ಮೆಲ್ಲಗೆ ನಡಿಯೇ, ಬೀಳಿಸ್ಬಿಟ್ಟೀಯ!” ಎಂದು ಅವಳು ಗದರಿದಂತೆಯೂ ಆಯಿತು.

ಮೇಷ್ಟ್ರು ಬಿಸಿಯಲ್ಲೇ ರಕ್ತದ ತಿಳಿಯನ್ನು ಹೆಪ್ಪಿನಿಂದ ಬೇರ್ಪಡಿಸಿ, ಆಮೇಲೆ ಅದನ್ನು ಒಂದು ವಾರ ತಂಪಿನಲ್ಲಿಟ್ಟರು. ಎಂಟನೇ ದಿನ ಕರೆದು ತೋರಿಸಿದರು. ತಳದಲ್ಲಿ ಮೋಡದ ಚೂರಿನಂತೆ ಬೆಳ್ಳಗೆ ಏನೋ ಕೂತಿತ್ತು. ಸದ್ಯ, ಸಿಕ್ಕಿತು! ಅಕ್ಕನಿಗೆ ರೋಗವಿರುವುದು ಖಾತ್ರಿಯಾಯಿತೆಂದು ಕುಣಿದಾಡಿದ ತಂಗಿ ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಔಷಧಿ ಶುರುವಾಗಿ ತಿಂಗಳಾದ ಮೇಲೆ ಅಕ್ಕ ಬೆಚ್ಚನೆಯ ಬೆರಳಲ್ಲಿ ನನ್ನ ಕೆನ್ನೆ ಹಿಂಡಿದಳು.

“ಅಲ್ಲ ಕಣೇ, ಬಿಲ್ ವಿಭಾಗದಲ್ಲಿ ತಂಗಿ ಇಲ್ಲದೋರು ಏನ್ ಮಾಡ್ತಾರೆ?”

ಮರುದಿನ ಬೆಳಿಗ್ಗೆ ‘ಅನಗತ್ಯ’ದ ಕಡತವನ್ನು ಇಳಿಸಿ, ಧೂಳು ಒರೆಸಿ, ಯಾರದೋ ಹೆಸರಿದ್ದ ಮೊದಲ ಕಾಗದದ ಷರಾ ಓದಿದೆ. ‘ರಕ್ತ ತಣ್ಣಗಾಗಿತ್ತು’ ಎಂದು ಮೇಷ್ಟ್ರು ಬರೆದಿದ್ದರು. ಕೆಳಗೆ ನನ್ನ ಸಹಿ ಇತ್ತು.